ಪೊರಕೆ ಗಂಡಸು, ಹಸು ಕೆಂಪು

ಪೊರಕೆ ಗಂಡಸಂತೆ. ಜರ್ಮನ್ ಭಾಷೆಯಲ್ಲಿ ಪೊರಕೆ ಗಂಡಸು. ಇದನ್ನು ಕೇಳಿದ ಭಾನುವಾರ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲಿ ಕೂತು, ತೆರಕಣಾಂಬಿ ದಾಟುವವರೆಗೂ ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಬಂದೆ. ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ನಾನು ಕೆಲಸ ಮಾಡುವ ನರ್ಸಿಂಗ್ ಹೋಮಿನಲ್ಲಿ, ಒಬ್ಬ ಗಂಡಸು ಪೊರಕೆ ಹಿಡಿದದ್ದನ್ನು ನಾನು ಕಂಡಿಲ್ಲ. ಒಲೆಯೂ ಗಂಡಸಂತೆ. ನೀರು ಹೊರುವ ಬಕೆಟ್ಟೂ ಗಂಡಸು. ಕೆಲಸ ಅನ್ನುವ ಪದ ಮಾತ್ರ ಹೆಣ್ಣು, ಆ ಕೆಲಸಕ್ಕೆ ಸಿಗುವ ಕೂಲಿ ಮತ್ತೆ ಗಂಡಸು. ಇದನ್ನೆಲ್ಲ ಯಾರು ಕೂತು ಹಂಚಿದರೋ ಕಾಣೆ, ಅವರು ತಮ್ಮ ಜನ್ಮದಲ್ಲಿ ಒಂದು ದಿನವೂ ಮನೆ ಗುಡಿಸಿದವರಲ್ಲ.

ನಾನು ಬಿ.ಎಸ್ಸಿ. ನರ್ಸಿಂಗ್ ಪಾಸು ಮಾಡಿದವಳು. ಮೊದಲೇ ಹೇಳಿಬಿಡುತ್ತೇನೆ, ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಗುಂಡ್ಲುಪೇಟೆ ಪಕ್ಕದ ಹಂಗಳದಿಂದ ಇನ್ನೂ ಒಳಗೆ, ಕಾಡಂಚಿನಲ್ಲಿರುವ ಊರು ನಮ್ಮದು. ಅಪ್ಪನ ಕಡೆಯಾಗಲಿ ಅವ್ವನ ಕಡೆಯಾಗಲಿ, ಡಿಗ್ರಿ ಅನ್ನುವ ಕಾಗದ ಕೈಗೆ ಬಂದದ್ದು ನನಗೇ ಮೊದಲು. ಅಪ್ಪ ಇವತ್ತಿಗೂ ಹೆಬ್ಬೆಟ್ಟು. ಅವ್ವ ನಾಲ್ಕನೆಯ ತರಗತಿಯವರೆಗೆ ಹೋಗಿ, ಚಿಕ್ಕ ತಂಗಿಯನ್ನು ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವೆಂದು ಶಾಲೆ ಬಿಟ್ಟವಳು. ಹತ್ತನೆಯವರೆಗೂ ಕನ್ನಡ ಮೀಡಿಯಂನಲ್ಲಿ ಓದಿದ ನಾನು ನರ್ಸಿಂಗ್ ಕಾಲೇಜಿನ ಮೊದಲ ವರ್ಷ ಅನಾಟಮಿ ಪುಸ್ತಕದ ಒಂದೊಂದು ಪದದ ತಲೆಯ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಂಡಿದ್ದೆ. ವರ್ಷ ಮುಗಿಯುವ ಹೊತ್ತಿಗೆ ಆ ಪುಟಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಅರ್ಥವಾಗದ್ದನ್ನು ಬಾಯಿಪಾಠ ಮಾಡಿದೆ. ಬಾಯಿಪಾಠ ಮಾಡಿದ್ದು ವಾರ್ಡಿನಲ್ಲಿ ರೋಗಿಯ ಮೈ ಮುಟ್ಟಿದಾಗ ಅರ್ಥವಾಯಿತು. ನಾನು ಕಲಿತದ್ದು ಈ ಕ್ರಮದಲ್ಲಿ. ಬಾಯಿಪಾಠವನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಜರ್ಮನಿಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದಾರೆ ಅನ್ನುವುದು ಈಗ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೇರಳದ ಹುಡುಗಿಯರು ಮೊದಲು ಹೊರಟರು, ಅವರ ಹಿಂದೆಯೇ ಸುದ್ದಿ ಗುಂಡ್ಲುಪೇಟೆಗೆ ಇಳಿಯಿತು. ಹೋಗಬೇಕೆಂದರೆ ಭಾಷೆಯ ಪರೀಕ್ಷೆಗಳನ್ನು ಒಂದೊಂದಾಗಿ ದಾಟಬೇಕು. ಚಾಮರಾಜನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಶನಿವಾರ ಭಾನುವಾರ ಕ್ಲಾಸು ಶುರುವಾದಾಗ ನಾನು ಸೇರಿದೆ. ನಮ್ಮ ನರ್ಸಿಂಗ್ ಹೋಮಿನ ಮೇಟ್ರನ್ ಒಳ್ಳೆಯವರು. ವಾರದ ಕೊನೆಯ ಎರಡು ದಿನ ನನ್ನನ್ನು ಬಿಟ್ಟುಕೊಟ್ಟರು. ಆದರೆ ಒಂದು ಮಾತು ಹೇಳಿದರು: "ಈ ಸಲದ ಪರೀಕ್ಷೆವರೆಗೆ ಮಾತ್ರ ಕಣಮ್ಮ. ಆಮೇಲೆ ನಂಗೆ ಶನಿವಾರಕ್ಕೆ ಜನ ಬೇಕು." ಅಂದರೆ ನನಗಿದ್ದದ್ದು ಒಂದೇ ಪರೀಕ್ಷೆ.

ಕ್ಲಾಸಿನ ಮೇಷ್ಟ್ರು ಮೈಸೂರಿನಿಂದ ಬರುತ್ತಿದ್ದರು. ಇಸ್ತ್ರಿ ಮಾಡಿದ ಶರ್ಟು, ಮೆಲುದನಿ, ಸಿಟ್ಟು ಮಾಡದ ಮನುಷ್ಯ. ಆ ಮೆಲುದನಿಯಲ್ಲೇ ಅವರು ಹೇಳುವ ಮಾತುಗಳು ಚುಚ್ಚುತ್ತಿದ್ದವು. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಮೊದಲು ಒಂದು ಚಿಕ್ಕ ಮಾತು ಸೇರಿಸಬೇಕು. ಗಂಡಾದರೆ ಡೇರ್, ಹೆಣ್ಣಾದರೆ ಡೀ, ಎರಡೂ ಅಲ್ಲದಿದ್ದರೆ ಡಾಸ್. ಯಾವುದು ಗಂಡು, ಯಾವುದು ಹೆಣ್ಣು ಅನ್ನುವುದಕ್ಕೆ ನಮ್ಮ ಕನ್ನಡದ ಹಾಗೆ ಕಣ್ಣಿಗೆ ಕಾಣುವ ಕಾರಣ ಬಹಳ ಪದಗಳಿಗೆ ಇಲ್ಲವೇ ಇಲ್ಲ.

ನಾನು ಎದ್ದು ನಿಂತು ಕೇಳಿದೆ: "ಸರ್, ಇದಕ್ಕೆ ರೂಲ್ ಏನು?"

"ಕೆಲವಕ್ಕೆ ಇದೆ. ತುಂಬಾ ಪದಗಳಿಗೆ ಇಲ್ಲ. ಫೀಲ್ ಮಾಡ್ಬೇಕಮ್ಮ."

"ಪೊರಕೆನ ಹೆಂಗ್ ಸರ್ ಫೀಲ್ ಮಾಡೋದು?"

ಕ್ಲಾಸೆಲ್ಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ವಯನಾಡಿನ ನರ್ಸ್, ಗುಂಡ್ಲುಪೇಟೆಯಲ್ಲಿ ನನ್ನ ಜೊತೆಯಲ್ಲೇ ಡ್ಯೂಟಿ ಮಾಡುವವಳು, ನನ್ನ ಚೂಡಿದಾರದ ತುದಿ ಎಳೆದು "ಇರು ಚೇಚಿ" ಅಂದಳು, ಅಕ್ಕ ಎನ್ನುವುದಕ್ಕೆ ಅವರ ಮಲಯಾಳದ ಮಾತು. ಮೇಷ್ಟ್ರು ನಗಲಿಲ್ಲ. "ನೋಡಿ, ಜರ್ಮನ್ ಮಕ್ಕಳಿಗೆ ಇದನ್ನ ಯಾರೂ ಹೇಳಿಕೊಡಲ್ಲ. ಹುಟ್ಟಿನಿಂದ ಬರುತ್ತೆ" ಅಂದರು.

ಹುಟ್ಟಿನಿಂದ ಬರುತ್ತೆ! ನನ್ನ ಬದುಕಿನಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ? ಇಂಗ್ಲಿಷು ಕೆಲವರಿಗೆ ಹುಟ್ಟಿನಿಂದ ಬರುತ್ತೆ. ಗಣಿತ ಕೆಲವರಿಗೆ ರಕ್ತದಲ್ಲೇ ಇರುತ್ತೆ. ಸ್ಟೇಜಿನ ಮೇಲೆ ಮಾತಾಡುವುದು ಮನೆಯ ವಾತಾವರಣದಿಂದ ಬರುತ್ತೆ. ಹುಟ್ಟಿನಿಂದ ನನಗೆ ಬಂದದ್ದು ಸಗಣಿ ಬಾಚುವುದು, ಚೆಂಡು ಹೂ ಬಿಡಿಸುವುದು. ಮಿಕ್ಕಿದ್ದನ್ನೆಲ್ಲ ನಾನು ಒಂದೊಂದಾಗಿ ಹೊತ್ತು ತಂದಿದ್ದೇನೆ. ಹೊತ್ತು ತಂದದ್ದಕ್ಕೆ ಬೆಲೆ ಕಡಿಮೆ, ಹುಟ್ಟಿನಿಂದ ಬಂದದ್ದಕ್ಕೆ ಬೆಲೆ ಜಾಸ್ತಿ ಎಂದು ಯಾರು ಗೊತ್ತು ಮಾಡಿದರು?

ಆ ವಾರ ನಲವತ್ತು ಪದಗಳ ಟೆಸ್ಟು ಕೊಟ್ಟರು. ನನಗೆ ಹದಿನೇಳು ಬಂತು. ಕ್ಲಾಸು ಬಿಟ್ಟ ಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಅದೇ ಮೆಲುದನಿಯಲ್ಲಿ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಕಣ್ಮುಚ್ಚಿ ಬರೆದ್ರೂ ಹೆಚ್ಚುಕಮ್ಮಿ ಇಷ್ಟು ಬರುತ್ತೆ. ಹಳ್ಳಿ ಕಡೆಯವರಿಗೆ, ಕನ್ನಡ ಮೀಡಿಯಂನವರಿಗೆ ಇದು ಕಷ್ಟಾನೇ. ಈ ಸಲ ಪರೀಕ್ಷೆಗೆ ನಿಮ್ಮ ಹೆಸರು ಕಳಿಸಲ್ಲ. ಫೇಲಾದ್ರೆ ನಮ್ಮ ಸೆಂಟರ್ ಹೆಸರು ಹಾಳು."

ಮೇಟ್ರನ್ ಹೇಳಿದ ಮಾತು ನೆನಪಾಯಿತು. "ಒಂದು ಚಾನ್ಸ್ ಕೊಡಿ ಸರ್" ಅಂದೆ. ಬೇಡಿಕೊಂಡಂತೆ ಕೇಳಿಸಿತು. ಬೇಡಿಕೊಂಡದ್ದೇ ಸರಿ.

ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. "ಹೆಸರು ಕಳಿಸೋಕೆ ಇನ್ನು ನಾಲ್ಕು ಭಾನುವಾರ ಇದೆ. ಕೊನೇ ಭಾನುವಾರ ಇನ್ನೊಂದು ಟೆಸ್ಟ್ ಕೊಡ್ತೀನಿ. ನಲವತ್ತಕ್ಕೆ ಮೂವತ್ತೈದು ಬಂದ್ರೆ ನೋಡೋಣ." ಬರುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು. ಅದು ಅವರ ಮುಖದಲ್ಲಿ ಕಾಣುತ್ತಿತ್ತು.

ಮನೆಗೆ ಬಂದವಳು ನೇರ ಕೊಟ್ಟಿಗೆಗೆ ಹೋದೆ. ಸಂಕ್ರಾಂತಿಗೆ ದನಗಳ ಕೊಂಬಿಗೂ ಗಾಡಿಯ ಚಕ್ರಕ್ಕೂ ಬಳಿದು ಉಳಿದ ಬಣ್ಣದ ಡಬ್ಬಿಗಳು ಅಟ್ಟದ ಮೇಲಿದ್ದವು. ನಮ್ಮ ಜರ್ಮನ್ ಪುಸ್ತಕದಲ್ಲಿ ಗಂಡು ಪದಗಳನ್ನು ನೀಲಿಯಲ್ಲಿ, ಹೆಣ್ಣನ್ನು ಕೆಂಪಿನಲ್ಲಿ, ಎರಡೂ ಅಲ್ಲದ್ದನ್ನು ಹಸಿರಿನಲ್ಲಿ ಅಚ್ಚು ಮಾಡಿದ್ದರು. ಮೂರೂ ಬಣ್ಣ ನಮ್ಮ ಅಟ್ಟದಲ್ಲೂ ಇದ್ದವು. ಆ ಪುಸ್ತಕದಲ್ಲಿ ಹಂದಿ ಮಾಂಸಕ್ಕೆ ಪದವಿತ್ತು, ಹತ್ತು ತರದ ಬ್ರೆಡ್ಡಿಗೆ ಪದವಿತ್ತು, ರಾಗಿಗೆ ಇರಲಿಲ್ಲ. ಇರಲಿ ಎಂದುಕೊಂಡು ನಮ್ಮ ಮನೆಯಲ್ಲಿ ಏನಿದೆಯೋ ಅದಕ್ಕೇ ಬಳಿಯಲು ಕೂತೆ. ಬಾಗಿಲಿನ ಮೂಲೆಯಲ್ಲಿ ಕೆಂಪು ಬೊಟ್ಟು. ಕಿಟಕಿಗೆ ಹಸಿರು. ಬಕೆಟ್ಟಿಗೆ, ಒಲೆಯ ಕಟ್ಟೆಗೆ, ಪಾತ್ರೆಯ ಬುಡಕ್ಕೆ ನೀಲಿ. ಚಾಕುವಿನ ಹಿಡಿಗೆ ಹಸಿರು. ಗೋಡೆಗೆ ಕೆಂಪು.

ಅವ್ವ ಹಿತ್ತಲಿನಿಂದ ಬಂದು ನಿಂತು ನೋಡಿದಳು. "ಏನಮ್ಮಿ ಇದು, ಮನೆಗೆಲ್ಲ ಸಿಡುಬು ಎದ್ದಂಗದೆ?"

ಹೇಳಿದೆ. ಪೊರಕೆಯ ಹಿಡಿಗೆ ನೀಲಿ ಬಳಿಯುತ್ತಾ, ಇದು ಗಂಡಸು ಅಂದೆ. ಅವ್ವನಿಗೆ ನಗು ತಡೆಯಲಿಲ್ಲ. "ಹಂಗಾರೆ ನಾಳೆಯಿಂದ ನಿಮ್ಮಪ್ಪಂಗೇ ಕೊಟ್ಬುಡು ಅದ. ಗಂಡಸ್ರು ಗಂಡಸ್ರು ಒಂದಾಗ್ಲಿ." ಜಗಲಿಯ ಮೇಲಿದ್ದ ಅಪ್ಪ ಕೇಳಿಸಿದರೂ ಕೇಳಿಸದವರಂತೆ ಬೀಡಿ ಹಚ್ಚಿಕೊಂಡರು.

"ಇದನ್ನ ಕೇಳವ್ವ. ಹುಡುಗಿ ಅನ್ನೋ ಪದ ಹೆಣ್ಣಲ್ಲವಂತೆ. ಡಾಸ್ ಅಂತೆ. ಅದು ಅಂತೆ. ಬೆಂಚು ಹೆಣ್ಣು, ಹುಡುಗಿ ಅದು!" ಎಂದೆ.

ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಳು. "ಅದ್ಕ್ಯಾಕೆ ಹಿಂಗೆ ಹಾರಾಡೀಯೆ? ನಾವೇನಂತೀವಿ? ಸೊಸೆ ಬಂತು, ಮಗಳು ಓಯ್ತು, ಅವ್ವ ಉಣ್ತದೆ. ನಾ ಮದ್ವೆಯಾಗಿ ಬಂದಾಗಿಂದ ನಿಮ್ಮಜ್ಜಿ ನನ್ನ ಅದು ಅಂತ್ಲೇ ಕರ್ದದ್ದು. ನೀ ಯಾವತ್ತು ಕೋಪ ಮಾಡ್ಕಂಡಿದ್ದೆ?"

ಯಾವತ್ತೂ ಮಾಡಿಕೊಂಡಿರಲಿಲ್ಲ. ಅದಕ್ಕೂ ಸೇರಿಸಿ ಈಗ ಮಾಡಿಕೊಂಡೆ.

ಕೊನೆಗೆ ಹಸುವಿನ ಹತ್ತಿರ ಹೋದೆ. ಹಸು ಜರ್ಮನ್‌ನಲ್ಲಿ ಹೆಣ್ಣು, ಅದೊಂದಾದರೂ ನ್ಯಾಯವಾಗಿತ್ತು. ಎರಡೂ ಕೊಂಬಿನ ತುದಿಗೆ ಬೆರಳಗಲ ಕೆಂಪು ಬಳಿದೆ. ಅಲ್ಲಿ ಮೊದಲು ನಮ್ಮ ಮನೆಯ ನೀಲಿ ಇತ್ತು. ನಮ್ಮೂರಲ್ಲಿ ಒಂದೊಂದು ಮನೆಯ ದನಗಳಿಗೆ ಒಂದೊಂದು ಕೊಂಬಿನ ಬಣ್ಣ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಾಸ್ಟೆಲು, ಡ್ಯೂಟಿ ಎಂದು ವರ್ಷಗಟ್ಟಲೆ ಹೊರಗಿದ್ದವಳಿಗೆ ಅದು ಬರೀ ಹಬ್ಬದ ಚೆಂದವಾಗಿ ಉಳಿದಿತ್ತು. ಊರಿಗೆಲ್ಲ ಗೊತ್ತಿರುವ ನಮ್ಮ ಹಸುವನ್ನು ಇಷ್ಟು ಬಣ್ಣಕ್ಕೆ ಯಾರು ಗುರುತು ತಪ್ಪುತ್ತಾರೆ ಎಂದುಕೊಂಡೆ. ಕರುವಿಗೆ ಇನ್ನೂ ಕೊಂಬು ಬಂದಿರಲಿಲ್ಲ. ಗೊರಸಿಗೆ ಹಸಿರು ಹಚ್ಚಿ ಕೈ ತೊಳೆದೆ.

ಮಾರನೆಯ ಸಂಜೆ ಡ್ಯೂಟಿ ಮುಗಿಸಿ ಬಂದರೆ ದೊಡ್ಡಮನೆಯ ಮುಂದೆ ಜನ. ದೊಡ್ಡಮನೆ ಎಂದರೆ ನಮ್ಮ ಬೀದಿಯ ಆ ತುದಿಯಲ್ಲಿರುವ, ಊರಲ್ಲೇ ಹೆಚ್ಚು ಹೊಲವಿರುವ ಮನೆ. ನಮ್ಮ ಹಸು ಅವರ ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಾ ನಿಂತಿತ್ತು. ಇತ್ತ ನಮ್ಮ ಕರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿತ್ತು. ಅವ್ವ ಸೆರಗು ಸಿಕ್ಕಿಸಿ ನಿಂತಿದ್ದಳು.

"ಏನಕ್ಕ ಇದು, ನಮ್ ಹಸ ತಂದು ನಿಮ್ಮ ಗೂಟಕ್ಕೆ ಕಟ್ಕಂಡಿದ್ದೀರಿ?"

ದೊಡ್ಡಮನೆಯ ಅಕ್ಕ ಒಳಗಿನಿಂದ ಹಾಲಿನ ತಂಬಿಗೆಯೊಂದಿಗೇ ಬಂದರು. "ನಿಮ್ದು ಎಲ್ಲದೆ ಕಣಮ್ಮಿ? ಕೊಂಬು ನೋಡು. ನಮ್ಮ ಕೆಂಪು. ನಮ್ಮೆಜಮಾನ್ರು ನಿಮ್ಮಿಂದ ತಕಂಡವ್ರೆ ಅನ್ಕಂಡೆ. ಫೋನ್ ಮಾಡಿದ್ರೆ ಎತ್ತಕಿಲ್ಲ, ಪೇಟೆಗೋಗವ್ರೆ. ಹಸ ಹೊತ್ತು ಮೀರಿ ಒದ್ದಾಡ್ತಿತ್ತು, ಕರೆದ್ಬುಟ್ಟೆ."

"ತಕಳಕ್ಕೆ ನಾವು ಮಾರಿದ್ರೆ ತಾನೆ!"

ಅಪ್ಪ ಎಲ್ಲವನ್ನೂ ಬಿಟ್ಟು ದನ ಕಾಯುವ ತಾತನ ಮೇಲೆ ತಿರುಗಿದರು. ಊರ ದನವನ್ನೆಲ್ಲ ಬೆಳಿಗ್ಗೆ ಒಟ್ಟು ಮಾಡಿ ಮೇಯಲು ಕರೆದೊಯ್ದು ಸಂಜೆ ಮನೆಮನೆಗೆ ಬಿಡುವವರು ಅವರು. "ಏನ್ ದೊಡ್ಡಪ್ಪ, ದೊಡ್ಡಮನೇಲಿ ಒಂದು ಲೋಟ ಕಾಪಿ ಕೊಟ್ಬುಟ್ರೆ ಕಂಡೋರ ಹಸ ತಂದು ಹೊಡ್ಬುಡ್ತೀಯಾ?"

ತಾತ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಎಸೆದರು. "ನಾಲಿಗೆ ಬಿಗಿ ಇಡ್ದು ಮಾತಾಡ್ಲಾ. ನಿಮ್ಮಪ್ಪನ ಕಾಲ್ದಿಂದ ದನ ಕಾದಿವ್ನಿ. ಈ ಅಸ ನಿಮ್ದು ಅಂತ ನಂಗೊತ್ತಿಲ್ವಾ? ಬೆಳಿಗ್ಗೆ ನೋಡ್ದೆ, ಕೊಂಬು ಕೆಂಪಾಗದೆ. ಬಣ್ಣ ಬದ್ಲಾಯ್ತು ಅಂದ್ರೆ ಏನ್ಲಾ ನಮ್ಮೂರಲ್ಲಿ? ಮನೆ ಬದ್ಲಾಯ್ತು ಅಂತ. ಮಾರ್ಬುಟ್ರು ಪಾಪ, ಏನ್ ಕಷ್ಟನೋ ಅನ್ಕಂಡು ನಿಂಗೆ ಕೇಳ್ದೆ ಬುಟ್ಟೆ. ಕೇಳಬಾರ್ದು ಅಂತ ಬುಟ್ಟೆ!"

ನಿಜ, ಅದೇ ನಮ್ಮೂರ ಪದ್ಧತಿ. ಊರೊಳಗೆ ದನ ಕೈ ಬದಲಾದರೆ ಕೊಂಡವರು ಮೊದಲು ತಮ್ಮ ಬಣ್ಣ ಬಳಿಯುತ್ತಾರೆ. ಮಾರಿದವರನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಕೇಳದಿರುವುದೇ ಮರ್ಯಾದೆ. ಜನವೆಲ್ಲ ಕೊಂಬನ್ನು ನೋಡಿ ಆಮೇಲೆ ಸುತ್ತಲೂ ನೋಡಿತು.

"ಯಾರ್ ಬಳ್ದದ್ದು ಇದ?" ಅಂದರು ದೊಡ್ಡಮನೆಯ ಅಕ್ಕ.

"ನಾನು" ಅಂದೆ.

"ಯಾಕಮ್ಮಿ?"

"ಜರ್ಮನಿಯಲ್ಲಿ ಹಸು ಹೆಣ್ಣು. ಅದಕ್ಕೆ ಕೆಂಪು."

ಅಕ್ಕ ಹಸುವಿನ ಕೆಚ್ಚಲು ನೋಡಿ ಕೇಳಿದರು, "ಇಲ್ಲೇನು ಗಂಡಾ ಮತ್ತೆ?"

ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. "ಓದಿದ್ ಹುಡ್ಗಿ ಕಣ್ರಪ್ಪ, ಹಸ ಹೆಣ್ಣು ಅಂತ ತಿಳ್ಕಳಕ್ಕೆ ಚಾಮರಾಜನಗ್ರಕ್ಕೆ ಓಗ್ತದೆ" ಎಂದು ಯಾರೋ ಹಿಂದಿನಿಂದ ಅಂದರು. ಅಪ್ಪ ಹಸುವಿನ ಹಗ್ಗ ಬಿಚ್ಚಿಕೊಂಡು ತಲೆ ತಗ್ಗಿಸಿ ನಡೆದರು. ನಗದೆ ಇದ್ದವರು ತಾತ ಒಬ್ಬರೇ. ಕೋಲನ್ನು ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಹೋಗಿಬಿಟ್ಟರು. ಜನ ನಕ್ಕಿದ್ದಕ್ಕೆ ನನಗೆ ಸಿಟ್ಟು ಬಂತು. ತಾತ ಹಾಗೆ ಹೋದದ್ದಕ್ಕೆ ಮಾತ್ರ ಸಿಟ್ಟು ಮಾಡಿಕೊಳ್ಳಲು ನನ್ನನ್ನು ಬಿಟ್ಟು ಇನ್ಯಾರೂ ಇರಲಿಲ್ಲ. ನನ್ನ ನಲವತ್ತು ಪದಗಳಿಗಾಗಿ ಒಬ್ಬ ಮುದುಕನ ಮೇಲೆ ಕಳ್ಳತನದ ಮಾತು ಬಂದಿತ್ತು.

ಮಾರನೆಯ ಬೆಳಿಗ್ಗೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಕೊಂಬು ಉಜ್ಜಿ, ನೀಲಿ ಬಳಿದು, ಹಸುವನ್ನು ನಾನೇ ಊರ ಮುಂದಿನ ಕಟ್ಟೆಗೆ ಹೊಡೆದುಕೊಂಡು ಹೋದೆ. ತಾತ ದನಗಳನ್ನು ಒಟ್ಟು ಮಾಡುತ್ತಿದ್ದರು.

"ತಪ್ಪಾಯ್ತು ತಾತ."

"ನೀ ಯಾಕೆ ತಪ್ಪು ಅಂತೀಯೆ ಬುಡವ್ವ. ನಿಮ್ಮಪ್ಪ ಅಂದದ್ದಲ್ವ." ಹಸುವಿನ ಬೆನ್ನು ತಟ್ಟಿ, "ಅದ್ಯಾಕೆ ಬಳ್ದೆ, ಒಸಿ ಬುಡ್ಸಿ ಏಳು" ಅಂದರು.

ಬಿಡಿಸಿ ಹೇಳಿದೆ. ಪದ ನೆನಪಿರುತ್ತೆ, ಅದು ಯಾವ ಗುಂಪಿಗೆ ಸೇರಿದ್ದು ಅನ್ನುವುದು ಮಾತ್ರ ನೆನಪಿರಲ್ಲ; ಅದಕ್ಕೆ ಬಣ್ಣ. ತಾತ ತಲೆ ಅಲ್ಲಾಡಿಸಿದರು.

"ಅಂಗಾರೆ ನೀ ಕಲ್ತದ್ದೇ ಸರಿಯಿಲ್ಲ. ಅಸ ಒಂದು ಕಡೆ, ಮನೆ ಒಂದು ಕಡೆ ಇಟ್ಕಂಡ್ರೆ ಉಳೀತದಾ? ನಂಗೆ ಅರವತ್ತು ರಾಸು. ಒಂದನ್ನೂ ಬರೀ ಎಸ್ರು ಇಡ್ದು ಕೂಗಾಕಿಲ್ಲ ನಾನು. ಬಾವಿಮನೆ ಬೋಳಿ. ಮೂಲೆಮನೆ ಕೆಂದಿ. ಬರೀ ಕೆಂದಿ ಅಂತ ಕೂಗು ಅಂದ್ರೆ ನನ್ ಬಾಯೇ ತಿರ್ಗಾಕಿಲ್ಲ. ಕರ ಉಟ್ಟಿದ್ ದಿವ್ಸ್ವೇ ಮನೆ ಸೇರ್ಸಿ ಕೂಗ್ಬುಡ್ಬೇಕು. ಆಮೇಲೆ ಸೇರ್ಸಕ್ಕೆ ಓದ್ರೆ ಸೇರಾಕಿಲ್ಲ."

"ನಿಂಗೆ ಇದು ಮೊದ್ಲಿಂದ್ಲೇ ಬಂತಾ ತಾತ?"

"ಎಲ್ಬತ್ತದೆ? ಮೊದಲ್ನೆ ವರ್ಸ ದಿನಾ ಸಂಜೆ ಯಾರಾದ್ರೂ ಒಬ್ರ ಕೈಲಿ ಬೈಸ್ಕತಿದ್ದೆ. ಯಾರೂ ಒಟ್ಟೆಯಿಂದ ದನ ಕಾಯದ ಕಲ್ತ್ಕಂಡು ಬರಾಕಿಲ್ಲ."

ಗುಂಡ್ಲುಪೇಟೆಯ ಬಸ್ಸಿನಲ್ಲಿ ಕೂತ ಮೇಲೆ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ನಾನು ಇಷ್ಟು ದಿನ ಒಂದು ಹಾಳೆಯಲ್ಲಿ ಪದಗಳನ್ನು, ಇನ್ನೊಂದು ಹಾಳೆಯಲ್ಲಿ ಅವುಗಳ ಗುಂಪನ್ನು ಬರೆದುಕೊಂಡು ಕಲಿಯುತ್ತಿದ್ದೆ. ಎರಡನ್ನೂ ಒಂದೇ ಉಸಿರಿನಲ್ಲಿ ಕಲಿ ಎಂದು ಮೈಸೂರಿನಿಂದ ಬರುವ ಮೇಷ್ಟ್ರು ಒಂದು ದಿನ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಫೀಲ್ ಮಾಡು ಅಂದರು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಕಟ್ಟೆಯ ಮೇಲೆ ನಿಂತು ಎರಡು ನಿಮಿಷದಲ್ಲಿ ಹೇಳಿದ್ದನ್ನು ಹೇಳುವುದಕ್ಕೆ ಅವರಿಗೆ ಮೂರು ತಿಂಗಳು ಸಾಲಲಿಲ್ಲ.

ಹಳೆಯ ನೋಟ್‌ಬುಕ್ಕನ್ನು ಮೂಲೆಗೆ ಎಸೆದು ಹೊಸತು ತೆಗೆದೆ. ಮೊದಲಿನಿಂದ ಪ್ರತಿ ಪದವನ್ನೂ ಅದರ ಮನೆಯ ಸಮೇತ, ನಡುವೆ ಜಾಗ ಬಿಡದೆ ಕನ್ನಡ ಲಿಪಿಯಲ್ಲಿ ಅಂಟಿಸಿ ಬರೆದೆ. ವಾರ್ಡಿನಲ್ಲಿ ಸಿರಿಂಜು ಕೈಗೆತ್ತಿಕೊಂಡಾಗ, ದಿಂಬು ಸರಿ ಮಾಡುವಾಗ, ಬ್ಯಾಂಡೇಜು ಸುತ್ತುವಾಗ ಒಂದೊಂದನ್ನೂ ಬಾಯಿಬಿಟ್ಟು ಹೇಳಿದೆ. ಕಾಲಿಗೆ ಏಟಾಗಿ ಮಲಗಿದ್ದ ಒಬ್ಬ ಅಜ್ಜಿ ಎರಡು ದಿನ ಕೇಳಿಸಿಕೊಂಡು, "ಅದೇನ್ ಮಂತ್ರ ಹಾಕೀಯೆ ಮೊಗ? ಹಾಕು, ಹಾಕು, ನೋವು ಕಮ್ಮಿಯಾಗದೆ" ಅಂದರು. ತಪ್ಪಿದಾಗಲೆಲ್ಲ ವಯನಾಡಿನ ಗೆಳತಿ ಪುಸ್ತಕ ನೋಡಿ ತಿದ್ದುತ್ತಿದ್ದಳು. ಎರಡನೆಯ ವಾರಕ್ಕೆ ಬರೀ ಪದ ಹೇಳು ಅಂದರೆ ನನ್ನ ಬಾಯಿಯೂ ತಿರುಗುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ಟೆಸ್ಟು ಆಯಿತು. ಮೇಷ್ಟ್ರು ಅಲ್ಲೇ ಕೂತು ತಿದ್ದಿದರು. ನನ್ನ ಹಾಳೆಯನ್ನು ಎರಡು ಸಲ ತಿದ್ದಿದ್ದು ನನಗೆ ಕಾಣಿಸಿತು. ಮೂವತ್ತೆಂಟು.

"ಯಾರ ಪಕ್ಕ ಕೂತಿದ್ರಿ?" ಅಂದರು.

ಗೆಳತಿ ಅಳುಮುಖ ಮಾಡಿದಳು.

"ಇವಳ ಪಕ್ಕ. ಇವಳಿಗೆ ಎಷ್ಟು ಬಂದಿದೆ ಸರ್?" ಎಂದು ಕೇಳಿದೆ.

ಅವರು ಹುಡುಕಿ ನೋಡಿದರು. "ಮೂವತ್ತೊಂದು."

"ಮೂವತ್ತೊಂದು ನೋಡ್ಕೊಂಡು ಮೂವತ್ತೆಂಟು ಬರೆಯೋಕಾಗುತ್ತಾ ಸರ್?"

ಯಾರೋ ಕಿಸಕ್ಕೆಂದರು. ಮೇಷ್ಟ್ರಿಗೆ ಮುಖ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ. "ಹಾಗಲ್ಲ. ನಾನು ಖಾತ್ರಿ ಮಾಡ್ಕೋಬೇಕಲ್ಲ. ಮುಂದೆ ಬನ್ನಿ."

ಹದಿನೆಂಟು ಜನರ ಮುಂದೆ ನಿಲ್ಲಿಸಿ ಬೆರಳು ತೋರಿಸಿ ಕೇಳತೊಡಗಿದರು. ಬಾಗಿಲು, ಕಿಟಕಿ, ಗಡಿಯಾರ, ಕುರ್ಚಿ, ಮೇಜು, ದೀಪ. ಹೇಳಿದೆ. ತಮ್ಮ ಬ್ಯಾಗು, ಕನ್ನಡಕ, ಕೀಲಿಕೈ. ಹೇಳಿದೆ. ಆ ಕೋಣೆಯಲ್ಲಿ ಮೂವತ್ತಾರು ತೆಗೆದ ಇನ್ನಿಬ್ಬರಿದ್ದರು. ಅವರಲ್ಲಿ ಒಬ್ಬರನ್ನೂ ಎಬ್ಬಿಸಿ ಖಾತ್ರಿ ಮಾಡಿಕೊಳ್ಳಲಿಲ್ಲ.

ಕೋಣೆಯಲ್ಲಿ ವಸ್ತುಗಳು ಮುಗಿದ ಮೇಲೆ ಅವರು ಕಿಟಕಿಯಾಚೆ ನೋಡಿ, ಎದುರಿನ ಗೋಡೆಯ ಮೇಲಿದ್ದ ಓತಿಕ್ಯಾತವನ್ನು ತೋರಿಸಿ ಅದಕ್ಕೆ ಜರ್ಮನ್‌ನಲ್ಲಿ ಏನೆನ್ನುತ್ತಾರೆಂದು ತಾವೇ ಹೇಳಿ, "ಡೇರಾ, ಡೀನಾ, ಡಾಸಾ?" ಅಂದರು.

"ಇದು ಪು‌ಸ್ತಕದಲ್ಲಿಲ್ಲ ಸರ್. ನಾನು ಕಲಿತಿಲ್ಲ."

"ಒಂದು ಅಂದಾಜು ಹೇಳಿ. ಫೀಲ್ ಬಂದಿದ್ರೆ ಗೊತ್ತಾಗುತ್ತೆ."

"ಅಂದಾಜು ಹೇಳಲ್ಲ ಸರ್. ನಾನು ನರ್ಸು. ಗೊತ್ತಿಲ್ಲದ ಔಷಧಿನ ಅಂದಾಜಲ್ಲಿ ಕೊಡಲ್ಲ ನಾವು, ಚೀಟಿ ನೋಡಿ ಕೊಡ್ತೀವಿ. ನೀವು ಹೇಳಿ, ಬರ್ಕೋತೀನಿ."

ಅವರು ಹೇಳಿದರು. ಬರೆದುಕೊಂಡೆ. ಆಮೇಲೆ ಪರೀಕ್ಷೆಗೆ ಕಳಿಸುವ ಪಟ್ಟಿಯನ್ನು ಎಳೆದುಕೊಂಡು ಕೊನೆಯಲ್ಲಿ ನನ್ನ ಹೆಸರು ಸೇರಿಸಿದರು. ಪೆನ್ನಿನ ಮುಚ್ಚಳ ಹಾಕುತ್ತಾ, "ಚೆನ್ನಾಗಿ ಮಾಡಿದ್ದೀರಿ. ಆದರೂ ಇದು ಬಾಯಿಪಾಠ, ನೋಡಿ" ಅಂದರು.

"ಹೌದು ಸರ್, ಬಾಯಿಪಾಠ" ಎಂದೆ. ಸಣ್ಣ ದನಿಯಲ್ಲಿ ಹೇಳಲಿಲ್ಲ.

ಪರೀಕ್ಷೆ ಬೆಂಗಳೂರಿನಲ್ಲಾಯಿತು. ಪಾಸಾದೆ. ನಮ್ಮ ಕ್ಲಾಸಿನಿಂದ ಹೋದವರಲ್ಲಿ ನನಗೇ ಹೆಚ್ಚು ಬಂದಿತ್ತು. ಮೇಟ್ರನ್ ಮುಂದಿನ ಪರೀಕ್ಷೆಗೂ ಶನಿವಾರಗಳನ್ನು ಬಿಟ್ಟುಕೊಟ್ಟರು. ನನ್ನ ಬದಲು ಆ ಎರಡು ದಿನ ಡ್ಯೂಟಿ ಮಾಡುವವರ ರಾತ್ರಿ ಡ್ಯೂಟಿಗಳನ್ನು ಈಗ ನಾನು ಮಾಡಿ ತೀರಿಸುತ್ತಿದ್ದೇನೆ.

ಫಲಿತಾಂಶ ಬಂದ ವಾರ ಮೇಷ್ಟ್ರು ಫೋನ್ ಮಾಡಿದರು. ದನಿಯಲ್ಲಿ ಸಕ್ಕರೆ. ಸೆಂಟರಿನವರು ಚಾಮರಾಜನಗರದಲ್ಲೂ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರಿಗೂ ದೊಡ್ಡ ಫ್ಲೆಕ್ಸ್ ಹಾಕಿಸುತ್ತಾರಂತೆ. ನಡುವೆ ನನ್ನ ಫೋಟೊ. "ನಿಮ್ಮ ಹಳ್ಳಿ ಮನೆ ಮುಂದೆ, ತಂದೆ ತಾಯಿ ಜೊತೆ ನಿಂತು ತೆಗೆಸಿ ಕಳಿಸಿ. ಹೊಸ ಬಟ್ಟೆ ಬೇಡ, ಸಹಜವಾಗಿರಲಿ. ಕೆಳಗೆ ಒಂದು ಸಾಲು ಹಾಕ್ತೀವಿ: ಹೆಬ್ಬೆಟ್ಟು ಒತ್ತುವ ತಂದೆಯ ಮಗಳು ಜರ್ಮನ್ ಗೆದ್ದಳು ಅಂತ."

ಅಪ್ಪ ಹೆಬ್ಬೆಟ್ಟು ಎಂದು ಕ್ಲಾಸಿಗೆ ಸೇರುವಾಗ ಅರ್ಜಿಯಲ್ಲಿ ಸಹಿಯ ಜಾಗ ನೋಡಿ ತಿಳಿದುಕೊಂಡಿದ್ದರು. ಹೆಸರು ಕಳಿಸುವುದಿಲ್ಲ ಎನ್ನುವಾಗಲೂ ನಾನು ಹುಟ್ಟಿದ ಮನೆಯೇ ಕಾರಣ, ಫ್ಲೆಕ್ಸಿನ ನಡುವೆ ನಿಲ್ಲಿಸುವುದಕ್ಕೂ ಅದೇ ಕಾರಣ. ನಡುವೆ ನಾನು ಕಲಿತದ್ದು ಇವರ ಲೆಕ್ಕಕ್ಕೆ ಎಲ್ಲೂ ಬರಲೇ ಇಲ್ಲ.

"ನನ್ನ ಹೆಸರು ಹಾಕಿ, ಪಕ್ಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಅಂತ ಹಾಕಿ, ಬಂದ ಮಾರ್ಕ್ಸ್ ಹಾಕಿ. ಹಾಗಾದ್ರೆ ಫೋಟೊ ಕೊಡ್ತೀನಿ" ಎಂದೆ.

"ಅದರಲ್ಲಿ ಏನಮ್ಮ ಕಥೆ ಇದೆ?" ಅಂದರು.

"ಹಾಗಾದ್ರೆ ಬೇಡ ಸರ್."

ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಬಂತು, ನಾನಿಲ್ಲದೆ. ಮೂವರು ಹುಡುಗಿಯರು ಕೋಟು ಹಾಕಿಕೊಂಡು ನಗುತ್ತಿದ್ದಾರೆ. ಅವರಲ್ಲಿ ನನ್ನ ವಯನಾಡಿನ ಗೆಳತಿಯೂ ಒಬ್ಬಳು. ಅವಳು ಪಾಸಾದಳು, ಅವಳ ಮುಖ ಅಲ್ಲಿರಬೇಕಾದ್ದೇ. ಮೊನ್ನೆ ಅವ್ವನನ್ನು ಕಣ್ಣಿನ ಪರೀಕ್ಷೆಗೆ ಗುಂಡ್ಲುಪೇಟೆಗೆ ಕರೆದುಕೊಂಡು ಬಂದಿದ್ದೆ. ಬಸ್ಸಿನಿಂದ ಇಳಿದವಳು ಫ್ಲೆಕ್ಸಿನ ಮುಂದೆ ನಿಂತುಬಿಟ್ಟಳು. ಕತ್ತೆತ್ತಿ ಒಂದೊಂದು ಮುಖವನ್ನೂ ನೋಡಿದಳು.

"ಇದೇನಾ ಅದು?"

"ಹೂಂ."

"ಎಷ್ಟ್ ದೊಡ್ದಾಗವೆ ಮೊಖ. ಇಲ್ಲಿ ನೀನೂ ಇರ್ಬೇಕಿತ್ತು ಕಣಮ್ಮಿ."

"ಅಪ್ಪನ ಬಗ್ಗೆ ಏನ್ ಬರೀತಿದ್ರು ಗೊತ್ತಾ ನಿಂಗೆ?"

"ಗೊತ್ತು, ಏಳಿದ್ಯಲ್ಲ. ಬರ್ಕಂಡ್ರೆ ಬರ್ಕಳ್ಳಿ ಬುಡು. ಸುಳ್ಳೇನಲ್ಲ. ನಾ ಅಕ್ಸರ ಯಾಕ ಓದ್ಲಿ, ನಿನ್ ಮೊಖ ನೋಡ್ತಿದ್ದೆ."

ನಡು ಬಸ್‌ಸ್ಟ್ಯಾಂಡಿನಲ್ಲಿ ಅವ್ವನ ಮೇಲೆ ರೇಗಿದೆ. ಓದದವರಿಗೆ ಮುಖ ಸಾಕು, ಓದುವವರೆಲ್ಲ ಆ ಸಾಲನ್ನೇ ಓದುತ್ತಾರೆ ಎಂದೆ. ಅವ್ವ ಮಾತ್ರ ನಾನು ಕೈ ಹಿಡಿದು ಎಳೆಯುವವರೆಗೂ ಮೇಲೆ ನೋಡುತ್ತಲೇ ಇದ್ದಳು. ಇವತ್ತು ಮತ್ತೆ ಫೋನ್ ಮಾಡಿ ಕೇಳಿದರೂ ಆ ಫೋಟೊ ನಾನು ಕೊಡುವುದಿಲ್ಲ. ಆದರೆ ಡ್ಯೂಟಿಗೆ ಹೋಗುವಾಗ ಈಗ ಬಸ್‌ಸ್ಟ್ಯಾಂಡಿನ ಆ ಫ್ಲೆಕ್ಸಿನ ಎದುರು ಇಳಿಯದೆ ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆಯುತ್ತೇನೆ.